ಕಾದ ನೀರು

ಮಲಾಬಾದಲ್ಲಿ ಸರತಿಯ ಕೊನೆ ಎಲ್ಲಿ ಅಂತ ಯಾರೂ ಕೇಳುತ್ತಿರಲಿಲ್ಲ.
ಅದು ದಿಣ್ಣೆ ಇಳಿದು, ಜೋಳದ ಹೊಲ ದಾಟಿ,
ಚರ್ಚಿನ ಗಂಟೆ ಕೇಳಿಸದಷ್ಟು ದೂರ ಹೋಗಿ
ಅಲ್ಲೇ ಯಾವುದೋ ಲಾರಿಯ ಅಡಿಗೆ
ಚಾಪೆ ಹಾಸಿ ಮಲಗಿರುತ್ತಿತ್ತು.

ನಾನು ಎಕಿಸಾ. ಹತ್ತೊಂಬತ್ತು ವರ್ಷ
ಕೀನ್ಯಾದ ಕಡೆಯ ಒಂಬತ್ತನೇ ಕಿಟಕಿ.
ನನ್ನ ಮುದ್ರೆಗಿಂತ ಮೊದಲು ಎಂಟು ಮುದ್ರೆ,
ಆಮೇಲೆ ಸೇತುವೆ, ಸೇತುವೆಯಾಚೆ ಉಗಾಂಡದವರ ಒಂಬತ್ತು;
ಶಾಯಿಯ ಬಣ್ಣ ಬೇರೆ, ಪ್ರಶ್ನೆ ಅದೇ:
ಒಳಗೇನಿದೆ?
ಸಿಮೆಂಟು.
ಸೀಮೆ ದಾಟಿದರೂ ಸಿಮೆಂಟೇ.

ಆಗ ಇಲ್ಲಿ ಎಲ್ಲವೂ ಕಾಯುತ್ತಿತ್ತು.
ಚಾಲಕರು ಕಾಯುತ್ತಿದ್ದರು.
ಅಮೋದಿಂಗಳ ಒಲೆಯ ಮೇಲೆ ನೀರು ಕಾಯುತ್ತಿತ್ತು.
ನಾನು ದೇಶ ಕಾಯುತ್ತಿದ್ದೆ,
ಹಾಗಂತ ನನ್ನ ಅಂಗಿಯ ಹಿತ್ತಾಳೆ ಗುಂಡಿ ಹೇಳುತ್ತಿತ್ತು.
ಆಚೆಯಿಂದ ಕಾಯಾಗಿ ಹೊರಟ ಬಾಳೆಗೊನೆ
ನನ್ನ ಕಿಟಕಿಗೆ ಬರುವಾಗ ಹಣ್ಣು,
ದಾಟುವಾಗ ನೊಣ.

ಒಂದು ಜೂನ್‌ನಲ್ಲಿ ನೈರೋಬಿಯಿಂದ ನ್ಯೊಕಾಬಿ ಬಂದಳು,
ಯಾವುದೋ ಯೋಜನಾ ಇಲಾಖೆಯವಳು.
ಪ್ಲಾಸ್ಟಿಕ್ ಕುರ್ಚಿ, ಕೊರಳಲ್ಲಿ ನಿಲುಗಡಿಯಾರ,
ಒಂಬತ್ತು ದಿನ ಕೂತಳು.
ಲಾರಿಯೊಳಗೆ ಏನಿದೆ ಎಂದು ಕೇಳಲೇ ಇಲ್ಲ;
ಎಷ್ಟು ಹೊತ್ತಿಂದ ಇದೆ, ಅದನ್ನೇ ಬರೆದಳು.
ಹೊರಡುವ ದಿನ ನನ್ನ ಕಿಟಕಿಗೆ ಬಗ್ಗಿ,
‘ನಿಮ್ಮ ಮುದ್ರೆ ಇದುವರೆಗೆ ತಡೆದದ್ದು ಏನನ್ನು?’
ಬೇರೆಯವರು ಕೇಳಿದ್ದರೆ ಜಗಳವಾಗುತ್ತಿತ್ತು.
ಯೋಚಿಸಿದೆ. ‘ಒಂದು ಗಿಳಿ’ ಅಂದೆ.
ಬೂದು ಗಿಳಿ, ಟೈರಿನೊಳಗೆ ಬಚ್ಚಿಟ್ಟಿದ್ದರು.
ಅವಳು ನಗದೆ ಬರೆದುಕೊಂಡಳು:
ಹತ್ತೊಂಬತ್ತು ವರ್ಷ, ಗಿಳಿ, ಒಂದು.

ಮೂರು ಮಳೆಗಾಲ ಕಳೆದು ಕಾನೂನು ಬಂತು.
ಎರಡೂ ದೇಶ ಒಂದೇ ಸೂರಿನಡಿ, ಒಂದೇ ಮೇಜಿಗೆ,
ಲಾರಿ ಒಮ್ಮೆ ನಿಂತರೆ ಸಾಕು.
ನನ್ನ ಶಾಯಿಯ ಮೆತ್ತೆ
ಬಾಡಿದ ನಾಲಿಗೆಯ ಹಾಗೆ ಒಣಗಿತು.
ಮ್ವಾಕಿಯೊ ಈಗ ಲಾರಿಯಿಂದ ಇಳಿಯುವುದಿಲ್ಲ.
ಹಿಂದೆ ಅವನ ಹಲ್ಲುನೋವಿನಿಂದ ಹಿಡಿದು
ಮಗಳ ಶಾಲೆಯ ತನಕ ನನಗೆ ಗೊತ್ತಿತ್ತು;
ಈಗ ಕಿಟಕಿಯಿಂದ ಎರಡು ಬೆರಳು ಎತ್ತುತ್ತಾನೆ, ಹೋಗುತ್ತಾನೆ.
ತಿಂಗಳಿಗೆ ಎರಡು ಸಲ ಮೊಂಬಾಸಾ ಕಾಣುತ್ತಿದ್ದವನು
ಐದು ಸಲ ಕಾಣುತ್ತಾನೆ. ಮಗಳನ್ನೂ.

ಪತ್ರಿಕೆ ಇದನ್ನು ಉತ್ಪಾದಕತೆ ಎಂದು ಕರೆಯಿತು.
ಅಮೋದಿಂಗ್ ನನ್ನಿಂದ ಓದಿಸಿಕೊಂಡು ಕೇಳಿದಳು:
‘ಹೌದು, ಏನು ಹುಟ್ಟಿತು?’
ತಡವರಿಸಿದೆ. ಸಿಮೆಂಟಿನ ಬೆಲೆ ಇಳಿಯಿತು ಅಂದೆ,
ಲಸಿಕೆಯ ಪೆಟ್ಟಿಗೆ ತಣ್ಣಗಿರುವಾಗಲೇ ತಲುಪುತ್ತದೆ ಅಂದೆ,
ಗಾರೆಯವನ ಕೈ ಅದೇ, ಹಗಲೂ ಅದೇ,
ಗೋಡೆ ಮಾತ್ರ ಎರಡು ಸಾಲು ಮೇಲೆ.
‘ನನ್ನ ಅವರೆಕಾಳಿನ ಪಾತ್ರೆ
ದಿನಕ್ಕೆ ಮೂರು ಸಲ ಬರಿದಾಗುತ್ತಿತ್ತು,’ ಅಂದಳು,
‘ಅದನ್ನೂ ಬರೆದುಕೊಂಡಳಾ ಆ ಹುಡುಗಿ?’

ಬರೆದಿರಲಿಲ್ಲ.
ಆ ಕಾಗದದಲ್ಲಿ ಅಂಥ ಕಂಬ ಇರಲಿಲ್ಲ.

ನಿನ್ನೆ ಅವಳು ನನ್ನ ಮೇಜಿನ ಮುಂದೆಯೇ ನಿಂತಿದ್ದಳು,
ತಲೆಯ ಮೇಲೆ ಈರುಳ್ಳಿ ಬುಟ್ಟಿ, ಕೈಯಲ್ಲಿ
ಸಣ್ಣ ವ್ಯಾಪಾರಿಗಳ ಒಂದು ಪುಟದ ಅರ್ಜಿ.
‘ಹೊಸ ವ್ಯಾಪಾರವೋ?’
‘ಹಳೆಯದೇ. ಹದಿನೆಂಟು ಮುದ್ರೆಗೆ
ಈರುಳ್ಳಿ ಮಾರಿದವಳು ಏನು ಉಳಿಸಿಕೊಳ್ಳಬೇಕು ಹೇಳು?
ಸೇತುವೆಯ ಕೆಳಗೆ ನೀರು ಸೊಂಟದವರೆಗೆ ಮಾತ್ರ.
ನೀನು ಗಿಳಿ ಹಿಡಿದ ರಾತ್ರಿಯೂ
ದಾಟಿ ಹೋಗಿದ್ದೆ.’

ಅರ್ಜಿಗೆ ಸಹಿ ಹಾಕಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.
ಸೇತುವೆಯ ಮೇಲೆ, ಬಿಸಿಲಲ್ಲಿ, ನಡುವಿನಲ್ಲೇ ನಡೆದು ಹೋದಳು.
ಎಷ್ಟೋ ವರ್ಷ ಬೆಳಗಿನ ಚಹಾ ತಂದಿಡುವಾಗ
ಅವಳ ಕಿಟೆಂಗೆಯ ಅಂಚು ಒದ್ದೆಯಾಗಿರುತ್ತಿತ್ತು.
ಇಬ್ಬನಿ ಅಂದುಕೊಂಡಿದ್ದೆ.