ಮೊಳ ದೂರ

ಬೈತಖೋಲ ಧಕ್ಕೆಯಲ್ಲಿ ಪುರಸು ತಾಂಡೇಲರ ದಿಕ್ಸೂಚಿ
ವಾರವಿಡೀ ಸುಳ್ಳು ಹೇಳಿತು.
ಪಕ್ಕದ ಮೊಳೆಯಲ್ಲಿ ನನ್ನ ರೇಡಿಯೋ ತೂಗುತ್ತಿತ್ತು.
“ಮೊಳ ದೂರ ಇಡು ಮಾರಾಯ್ತಿ,
ಸಹವಾಸಕ್ಕೆ ಮುಳ್ಳು ಕೆಟ್ಟಿದೆ.”

ಈಗ ನನ್ನ ಅಂಕಿಗಳು
ಐನೂರು ಕಿಲೋಮೀಟರ್ ಮೇಲಿಂದ ಇಳಿಯುತ್ತವೆ.
ಉಪಗ್ರಹ ತನ್ನ ಕಾಂತಮಾಪಕವನ್ನು
ಉದ್ದ ಕೋಲಿನ ತುದಿಗೆ ಕಟ್ಟಿ ಹೊರಚಾಚಿದೆ,
ಒಡಲಿನ ತಂತಿಗಳ ಪಿಸುಮಾತು ತಾಗದಷ್ಟು ದೂರ.
ಆದರೂ ತಾಗುತ್ತದೆ ಒಂದಿಷ್ಟು.
ರಾತ್ರಿ ಕೂತು ಅದನ್ನು ಹೆಕ್ಕಿ ಹೆಕ್ಕಿ ಕಳೆದು
ಉಳಿದದ್ದಕ್ಕೆ ಭೂಮಿ ಎನ್ನುತ್ತೇನೆ.

ಕಾಳಿಯ ಅಳಿವೆ, ದೇವಗಡದ ದೀಪ
ಒಂದೇ ಸೆಕೆಂಡಿನಲ್ಲಿ ಸರಿದವು:
ಮೂವತ್ಮೂರು ಸಾವಿರದ ಚಿಲ್ಲರೆ ನ್ಯಾನೊಟೆಸ್ಲಾ.

ತಾಂಡೇಲರಿಗೆ ಫೋನಿನಲ್ಲಿ ಹೇಳಿದೆ.
“ಮೀನೆಲ್ಲಿದೆ ಅಂತ ಕಾಣ್ತದಾ ಅದರಲ್ಲಿ?”
“ಇಲ್ಲ, ಉತ್ತರ ಎಲ್ಲಿದೆ ಅಂತ.”
“ಅದು ನನ್ನ ಡಬ್ಬಿಯಲ್ಲೇ ಉಂಟಲ್ಲ.”
ಹಿಂದೆ ಎಲ್ಲೋ, ಮೊಳ ದೂರದಲ್ಲಿ,
ರೇಡಿಯೋ ಕೆಮ್ಮಿತು.