ನೀರಿಗೆ ಬಿದ್ದ ಬಾಟಲಿಗಳು

ಗುಟ್ಟು ಉಳಿಯಲೆಂದು ಕಂಪನಿಯವರು
ಬಿಪಿಯವರಿಗೂ ಸಕ್ಕರೆಯವರಿಗೂ ಇವರಿಗೂ
ಒಂದೇ ಕಿಟಕಿ ಮಾಡಿದರು.
ಈಗ ಸಕ್ಕರೆಯವರೂ
ತಲೆ ತಗ್ಗಿಸಿಕೊಂಡೇ ಬರುತ್ತಾರೆ.

ಪ್ಲಾಟಿನಂ ಗಣಿ, ನಾಲ್ಕನೇ ಶಾಫ್ಟ್,
ರುಸ್ಟೆನ್‌ಬರ್ಗ್‌ನಿಂದ ಅರ್ಧ ಗಂಟೆಯ ಧೂಳು.
ಕಿಟಕಿಯ ಈಚೆ ನಾನು, ನರ್ಸ್ ದಿಕೆಲೆದಿ.
ನಮ್ಮ ಮಾತಿನಲ್ಲಿ ಕಣ್ಣೀರು ಎಂದರ್ಥ;
ನಾನು ಹುಟ್ಟಿದ ವಾರವೇ ಅಜ್ಜ ತೀರಿಕೊಂಡನಂತೆ.
ಹೆಸರಿಗೆ ತಕ್ಕ ಕೆಲಸ ನನಗೆ ಸಿಗಲಿಲ್ಲ.
ಇಲ್ಲಿ ನನ್ನ ಕೆಲಸ ಎಣಿಸುವುದು.

ನೀಲಿ ತಟ್ಟೆ, ಚಪ್ಪಟೆ ಚಮಚ.
ಎರಡೆರಡಾಗಿ ಸರಿಸುತ್ತೇನೆ.
ಅರವತ್ತು ಕೊಟ್ಟಿದ್ದೆ, ಇಪ್ಪತ್ತೆಂಟು ದಿನವಾಯಿತು,
ನಾಲ್ಕು ಉಳಿಯಬೇಕು.
ಒಂಬತ್ತು ಉಳಿದರೆ: ಶನಿವಾರ ಕುಡಿದಿದ್ದೆಯಾ?
ಒಂದೂ ಉಳಿಯದಿದ್ದರೆ: ಯಾರಿಗೆ ಮಾರಿದೆ?

ಮೊಖೆಥಿಯದು ಯಾವಾಗಲೂ ನಾಲ್ಕು.
ಬಂಡೆ ಕೊರೆಯುವವನು. ಪಾಳಿ ಮುಗಿದರೂ ಕೈ ನಡುಗುತ್ತದೆ,
ಡ್ರಿಲ್ಲು ಮೂಳೆಯೊಳಗೆ ಇನ್ನೂ ಓಡುತ್ತಿರುವಂತೆ.
ಎಂಟು ತಿಂಗಳು, ಪ್ರತಿ ತಿಂಗಳೂ ನಾಲ್ಕು.
ಇಷ್ಟು ನೇರ ಲೆಕ್ಕ
ಪಾದ್ರಿಯದೂ ಇರುವುದಿಲ್ಲ.

ರಕ್ತ ಮಾತ್ರ ಒಪ್ಪಲಿಲ್ಲ.
ಲ್ಯಾಬಿನ ಚೀಟಿಯಲ್ಲಿ ವೈರಸ್ಸಿನ ಸಂಖ್ಯೆ
ಇಳಿದ ಹಾಗೆ ಮಾಡಿ ಮತ್ತೆ ಏರಿತ್ತು,
ಜನರನ್ನು ಬಿಟ್ಟು ಮೇಲೆ ಬರುವ ಪಂಜರದ ಹಾಗೆ.

ಬಾಗಿಲು ಹಾಕಿ ಕೇಳಿದೆ.
ಹೆಲ್ಮೆಟ್ಟು ತೊಡೆಯ ಮೇಲೆ, ದೀಪ ಆರಿಸಲು ಮರೆತು
ನನ್ನ ಮುಖಕ್ಕೇ ಬೆಳಕು ಹಿಡಿದು ಕೂತ.
"ಬೆಳಗಿನದು ನನ್ನದು, ಸಿಸ್ಟರ್.
ಸಂಜೆಯದು ಮಾಲಿನೆಯೊದು."

ಅವಳಿರುವುದು ಲೆಸೋಥೋದ ಬೆಟ್ಟದ ಮೇಲೆ,
ಬಸ್ಸು ನಿಂತ ಮೇಲೂ ಕುದುರೆಯಲ್ಲಿ ಎರಡು ತಾಸು.
ವ್ಯಾಸಲೀನ್ ಡಬ್ಬಿ ತೊಳೆದು, ಒಣಗಿಸಿ,
ಸದ್ದಾಗದಂತೆ ಹತ್ತಿ ತುರುಕಿ
ಟ್ಯಾಕ್ಸಿಯವನ ಕೈಯಲ್ಲಿ ಕಳಿಸುತ್ತಾನೆ.
ಅವನಿಗೆ ಹೇಳಿರುವುದು: ಮೊಣಕಾಲು ನೋವಿಗೆ.
ಬರುವಾಗ ಅದೇ ಡಬ್ಬಿಯಲ್ಲಿ
ಒಣಗಿಸಿದ ಪೀಚ್ ಹಣ್ಣಿನ ಚೂರು.

ಹಂಚಿ ಉಣ್ಣು ಎಂದು ನನ್ನ ತಾಯಿಯೂ ಕಲಿಸಿದ್ದಳು.
ಗಂಜಿಗಾದರೆ ಸರಿಯಾದ ಮಾತು.
ಇದನ್ನು ಹಂಚಿದರೆ ಅರ್ಧರ್ಧ ಬದುಕುವುದಿಲ್ಲ ಮೊಖೆಥಿ,
ರೋಗ ಮದ್ದಿನ ಗುಟ್ಟು ಕಲಿತುಬಿಡುತ್ತದೆ,
ಆಮೇಲೆ ಬಾಟಲಿ ಬೋರಲು ಹಾಕಿದರೂ ಅಷ್ಟೆ.
ಎರಡು ಸಲ ಹೇಳಿದೆ, ಅವನ ಭಾಷೆಯಲ್ಲೇ.

"ಹಾಗಾದರೆ ಎರಡೂ ಅವಳಿಗೇ ಹೋಗಲಿ," ಅಂದ.

ನೀನು ಬಿದ್ದರೆ ಕೆಲಸವಿಲ್ಲ,
ಕೆಲಸವಿಲ್ಲದಿದ್ದರೆ ಮಾತ್ರೆಯಿಲ್ಲ,
ಅವಳಿಗೆ ಆಗ ಕಳಿಸುವುದೇನನ್ನು, ಖಾಲಿ ಡಬ್ಬಿಯನ್ನೇ?
ಅಂದೆ. ಅನ್ನಬಾರದಿತ್ತು.

ನಿಯಮದ ಪುಸ್ತಕದಲ್ಲಿರುವುದು ನೌಕರ ಎಂಬ ಒಂದೇ ಮಾತು.
ಹೊಸಬನಿಗೆ ಡ್ರಿಲ್ಲು ಕಲಿಸುವುದಕ್ಕಿಂತ
ಹಳಬನಿಗೆ ಮಾತ್ರೆ ಅಗ್ಗ,
ಕೂಡಿಸಿ ಕಳೆದೇ ಶುರುಮಾಡಿದ ಯೋಜನೆ.
ಬೈಯುವುದಿಲ್ಲ ನಾನು. ಕಂಬಳಿಯಲ್ಲಿ ಹೊತ್ತು ತಂದವರು
ಆ ಲೆಕ್ಕದಿಂದಲೇ ಎದ್ದು
ತಮ್ಮ ಬೂಟಿನ ದಾರ ತಾವೇ ಕಟ್ಟಿದ್ದನ್ನು ಕಂಡಿದ್ದೇನೆ.
ಆದರೆ ಮಾಲಿನೆಯೊ
ಯಾವ ಬಂಡೆಯನ್ನೂ ಕೊರೆಯುವುದಿಲ್ಲ.

ಡಾಕ್ಟರು ಅವನ ಮದ್ದು ಬದಲಿಸಿದರು.
ಈಸ್ಟರ್ ರಜೆಗೆ ಅವಳನ್ನು ಕರೆತಂದ,
ಕಿಟಕಿ ಮುಚ್ಚಿದ ಮೇಲೆ ರಕ್ತ ತೆಗೆದೆ.
ಮಾತಾಡಲಿಲ್ಲ ಅವಳು; ಹೊರಡುವಾಗ
ನನ್ನ ತಟ್ಟೆಯನ್ನು ಸೆರಗಿನಂಥ ಕಂಬಳಿಯ ಅಂಚಿನಿಂದ
ಒರೆಸಿಟ್ಟಳು.
ಅಂದು ರಿಜಿಸ್ಟರಿನಲ್ಲಿ ಬರೆದೆ:
ಬಾಟಲಿ ನೀರಿಗೆ ಬಿತ್ತು. ಬದಲಿ ಕೊಡಲಾಗಿದೆ.

ಮುಂದಿನ ತಿಂಗಳು ಇನ್ನೊಬ್ಬನದು ಬಿತ್ತು.
ಆಮೇಲೆ ಮೂರು. ಆಮೇಲೆ ಏಳು.

ಜೊಹಾನ್ಸ್‌ಬರ್ಗ್‌ನಿಂದ ಬಂದ ಆಡಿಟರು
ಬೆರಳಿಟ್ಟ ಸಾಲು ಬಿಟ್ಟೇಳದೆ ಕೇಳಿದ:
ಈ ಶಾಫ್ಟಿನಲ್ಲೇ ಯಾಕೆ ಇಷ್ಟೊಂದು ಬಾಟಲಿ ನೀರಿಗೆ ಬೀಳುತ್ತವೆ?
ಆಳದಲ್ಲಿ ಒರತೆ ಜಾಸ್ತಿ ಸಾರ್, ಅಂದೆ.
ನನ್ನನ್ನು ನೋಡಿದ. ಕಿಟಕಿಯಾಚೆಯ ಸಾಲನ್ನು ನೋಡಿದ.
ಪೆನ್ನಿನ ಮುಚ್ಚಳ ಹಾಕಿ
"ಪಂಪು ಹಾಕಿಸಬೇಕು," ಅಂದ.
ಅರ್ಥವಾಗಿ ಅಂದನೋ, ಆಗದೆಯೋ,
ಈವರೆಗೆ ಪಂಪಂತೂ ಬಂದಿಲ್ಲ.

ಮೇಜಿನ ಕೆಳಗಿನ ಖಾನೆಯಲ್ಲಿ
ಪೀಚ್ ಚೂರುಗಳಿವೆ, ಒಂದು ಡಬ್ಬಿ ತುಂಬ.
ಎಣಿಸಿಲ್ಲ.