ಒಂಬತ್ತು ಚೀಲ

ಮೆಕ್ಕೆಜೋಳದ ಲಾರಿಗಳ ಸಾಲಿನಲ್ಲಿ
ನಮ್ಮದು ನಾಲ್ಕನೆಯ ಗಾಡಿ, ದೂಡಿಕೊಂಡೇ ಬಂದಿದ್ದೆವು.
ಹಿಂದಿನವನು ಹಾರ್ನ್ ಹೊಡೆದ, ಆಮೇಲೆ ಇಳಿದು ಬಂದು
ಸೊಂಟದ ಮೇಲೆ ಕೈಯಿಟ್ಟು ನೋಡಿದ:
ಬಾಗಿಲಿಲ್ಲ, ಟಾಪಿಲ್ಲ, ಗಾಜಿಲ್ಲ,
ಸೊಂಟಕ್ಕೂ ಬಾರದ ಹಳದಿ ಜೀರುಂಡೆ.

ಅರವತ್ತು ಟನ್ನಿನ ವೇಬ್ರಿಡ್ಜ್ ಹತ್ತಿದರೆ
ತಗಡು ಅಲುಗಲೂ ಇಲ್ಲ.
ಬಕ್ಕೇಶಪ್ಪ ಕನ್ನಡಕ ಒರೆಸಿ ಅಂಕಿ ಓದಿದರು:
"ಐನೂರಾ ನಲವತ್ತು. ಒಂಬತ್ತು ಚೀಲ ಆತು ನೋಡವ್ವ.
ಇದಕ್ಕ ದುಡ್ಡು ಹೆಂಗ ಇಸ್ಕಳ್ಳಿ ನಾನು?"

ಎರಡು ವರ್ಷ ನಾನೂ ದಾದಾಪೀರನೂ
ಸೇರಿಸಿದ್ದಕ್ಕಿಂತ ತೆಗೆದದ್ದೇ ಹೆಚ್ಚು.
ಟ್ರೇಲರ್ ಬೆಸೆಯುವ ಕೈ ಅವನದು, ದಪ್ಪ ಪೈಪೇ ಅವನಿಗೆ ಧರ್ಮ.
"ಮುರದ್ರೆ?" ಅಂತಿದ್ದ. "ಮುರದ್ರೆ ಬೆಸಿ" ಅಂತಿದ್ದೆ.
ಗುಜರಿಯ ಪುಟ್ಟ ಕಾರಿನ ಎಂಜಿನ್ನು ಉಳಿಸಿಕೊಂಡು
ರೇಡಿಯೋ ಕಿತ್ತೆವು, ಕಾರ್ಪೆಟ್ಟು, ಹೀಟರು,
ಡ್ಯಾಶಿನೊಳಗಿದ್ದ ಯಾರದೋ ಮನೆದೇವರ ಭಂಡಾರದ ಪೊಟ್ಟಣ.
ಅದನ್ನು ಮಾತ್ರ ಅವನೇ ತೆಗೆದು, ಹಣೆಗೊತ್ತಿ
ನನ್ನ ಅಂಗಡಿಯ ಗಲ್ಲಾದಲ್ಲಿಟ್ಟ.

ಅಂಗಡಿ ಅಂದರೆ ಪಿ.ಬಿ. ರಸ್ತೆಯಲ್ಲಿ ಟೈರ್ ರೀಸೋಲು.
ಸವೆದದ್ದೊಂದು ತಂದಿಟ್ಟರೆ ಹೇಳಬಲ್ಲೆ
ಡ್ರೈವರಿಗೆ ಬ್ರೇಕಿನ ಮೇಲೆಷ್ಟು ಸಿಟ್ಟು,
ಯಾವ ಮಗ್ಗುಲಿಗೆ ವಾಲುತ್ತದೆ ಅವನ ಹೊರೆ.
ಇಪ್ಪತ್ತೆರಡು ವರ್ಷ ಬೇರೆಯವರ ದಾರಿ ಓದಿದೆ.
ನನ್ನ ಸ್ಕೂಟರಿನ ಟೈರು ಇನ್ನೂ ಹೊಸದರಂತಿತ್ತು.

*

ಐಮಂಗಲ ದಾಟಿ ಎಡಕ್ಕೆ, ಬೋಳು ಬಯಲಿನಲ್ಲಿ
ಎರಡೂವರೆ ಕಿಲೋಮೀಟರಿನ ಕಪ್ಪು ಉಂಗುರ.
ದಿಬ್ಬದ ಮೇಲೆ ಗಾಳಿಕಂಬಗಳು
ಅವಸರವಿಲ್ಲದೆ ಸುತ್ತುತ್ತಿದ್ದವು.
ದೊಡ್ಡ ಕಾರುಗಳು ಕಂಟೇನರಿನೊಳಗೆ ಮಲಗಿ ಬಂದಿದ್ದವು,
ಅವುಗಳ ಟೈರಿಗೆ ಕಂಬಳಿ ಹೊದಿಸಿದ್ದರು.
ನಮ್ಮದಕ್ಕೆ ದಾದಾಪೀರ್ ಅಂಗೈ ಇಟ್ಟು ನೋಡಿ
"ಎರಡು ಪೌಂಡು ಇಳ್ಸಾನ" ಅಂದ.

ನೇರದಲ್ಲಿ ಎಲ್ಲರೂ ನನ್ನ ದಾಟಿದರು.
ಮಿಂಚು, ಗುಡುಗು, ಆಮೇಲೆ ಸುಟ್ಟ ರಬ್ಬರಿನ ವಾಸನೆ.
ನನ್ನ ಅಂಗಡಿಯದೇ ವಾಸನೆ, ತುಟ್ಟಿಯದು.
ತಿರುವಿನಲ್ಲಿ ಮಾತ್ರ ಅವು ಉಸಿರು ಹಿಡಿಯುತ್ತಿದ್ದವು
ಕೆರೆಯ ಏರಿ ಇಳಿವ ಗಬ್ಬದ ಎಮ್ಮೆಯ ಹಾಗೆ.
ಆಗ ಒಂಬತ್ತು ಚೀಲದ್ದು ಒಳಮಗ್ಗುಲಲ್ಲಿ ಸರ್ರನೆ...
ಹೌದು, ಒಬ್ಬನನ್ನು ದಾಟಿದೆ. ನೀಲಿ ಬಣ್ಣದವನನ್ನು.
ಮುಂದಿನ ನೇರದಲ್ಲಿ ಅವನು ತಿರುಗಿ ದಾಟಿದ.

ದುರ್ಗದ ಕೋಟೆಯಲ್ಲೂ ಹೀಗೇ ಅಲ್ಲವೇ,
ಆನೆ ಓಡಿಬಂದು ಬಾಗಿಲು ಗುದ್ದಬಾರದೆಂದು
ದಾರಿಯನ್ನೇ ತಿರುಚಿ ತಿರುಚಿ ಕಟ್ಟಿದರು.
ಏಳು ಸುತ್ತು. ಭಾರವಿದ್ದವರಿಗೆ ಸಿಟ್ಟು ಬರಿಸುವ ಸುತ್ತು.
ಆರನೆಯದರಲ್ಲಿ ಇದನ್ನೇ ಯೋಚಿಸುತ್ತಾ
ಬ್ರೇಕು ತುಳಿಯುವುದು ಮರೆತೆ.

ಒಮ್ಮೆ ಚಿತ್ರದುರ್ಗ, ಒಮ್ಮೆ ಹಿರಿಯೂರು,
ಮತ್ತೆ ಚಿತ್ರದುರ್ಗ.
ಬುಗುರಿಯ ಬಣ್ಣದಂತೆ ದಿಕ್ಕು ಕಲಸಿಹೋಗಿ
ಕೆಂಪು ಮಣ್ಣಲ್ಲಿ ಹಿಂದುಮುಂದಾಗಿ ನಿಂತಾಗ
ಎಂಜಿನ್ನು ಸತ್ತಿತ್ತು. ಹೆಲ್ಮೆಟ್ಟಿನೊಳಗೆ ಯಾರೋ ನಗುತ್ತಿದ್ದರು,
ಯಾರೆಂದು ತಡವಾಗಿ ತಿಳಿಯಿತು.

ಹಳದಿ ಬಾವುಟದ ಹುಡುಗ ಓಬಳೇಶ ಓಡಿಬಂದ.
(ವಾರವಿಡೀ ಇದೇ ಬಯಲಲ್ಲಿ ಕುರಿ ಕಾಯುತ್ತಾನಂತೆ,
ಬಾವುಟಕ್ಕೆ ದಿನಕ್ಕೆ ಆರುನೂರು.)
"ಅಕ್ಕಾ, ಅಲ್ಲಿ ಮೂರನೇ ಗಾಳಿಕಂಬ ಐತಲ್ಲ,
ಅದು ಬೇವಿನ ಮರದ ಮರೆಯಿಂದ ಈಚೆ ಬಂತಂದ್ರೆ
ಬ್ರೇಕ್ ತುಳೀಬೇಕು. ನಮ್ಮ ಕುರಿಗೂ ಗೊತ್ತು."

ಏಳನೆಯ ಸುತ್ತು. ಬೇವು. ಕಂಬ. ತುಳಿದೆ.
ತಿರುಗಿಸಬೇಕು ಅಂದುಕೊಂಡೆ,
ಅಷ್ಟರಲ್ಲಿ ತಿರುಗಿತ್ತು.

*

ಸಂಜೆ ಮತ್ತೆ ಯಾರ್ಡು. ಟ್ರೇಲರಿನಿಂದ ಇಳಿಸಿ
ಬಕ್ಕೇಶಪ್ಪನ ತಟ್ಟೆಯ ಮೇಲೆ.
"ಐನೂರಾ ಮೂವತ್ತು. ಹತ್ತು ಕಿಲೋ ಎಲ್ಲಿ ಹೋತು?"
ಪೆಟ್ರೋಲು, ಅಂದ ದಾದಾಪೀರ್. ಅವನು ಲೆಕ್ಕದ ಮನುಷ್ಯ.
ನಾನು ಮುಂದಿನ ಎಡ ಟೈರಿನ ಹೊರ ಅಂಚನ್ನು
ಹೆಬ್ಬೆರಳಿನಿಂದ ಸವರುತ್ತಿದ್ದೆ:
ಗರಗಸದಂತೆ ಎದ್ದ ರಬ್ಬರು, ಅದರೊಳಗೆ ಸಿಕ್ಕಿದ್ದ
ಐಮಂಗಲದ ಒಂದು ಕೆಂಪು ಹರಳು.
ಈ ಡ್ರೈವರು ತಿರುವಿಗೆ ತಡವಾಗಿ ಬರುತ್ತಾಳೆ, ಓದಿದೆ.
ಬಂದಮೇಲೆ ಬಿಡುವುದಿಲ್ಲ.